ಕಲಿಸುವ ನರ್ಸಿಗೆ ಹುದ್ದೆ ಎಲ್ಲಿದೆ?

ಸಕ್ಕರೆ ಕಾಯಿಲೆಯ ಬಗ್ಗೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ನಂಬಿಕೆ ಬೇರೂರಿ ಕೂತಿದೆ. ಡಾಕ್ಟರು ಮಾತ್ರೆ ಬರೆದರೆ ಅದು ಚಿಕಿತ್ಸೆ. ಆ ಮಾತ್ರೆ ಯಾಕೆ, ಯಾವಾಗ ನುಂಗಬೇಕು, ತಟ್ಟೆಗೆ ಎಷ್ಟು ಬಡಿಸಿಕೊಳ್ಳಬೇಕು, ಕಾಲನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂದು ರೋಗಿಯ ಎದುರು ಕೂತು ತಿಳಿಸುವುದು ಮಾತ್ರ ಬಿಡುವಿದ್ದವರು ಬಿಡುವಿದ್ದಾಗ ಮಾಡುವ ಕೆಲಸ. ಇದನ್ನು ಆರೋಗ್ಯ ಇಲಾಖೆ ಒಪ್ಪಿದೆ, ವೈದ್ಯರು ಒಪ್ಪಿದ್ದಾರೆ, ನರ್ಸಿಂಗ್ ಕಾಲೇಜುಗಳು ಒಪ್ಪಿವೆ. ಚೀಟಿಯಲ್ಲಿ ಹೊಸ ಮಾತ್ರೆ ಇಲ್ಲದಿದ್ದರೆ ಆಸ್ಪತ್ರೆಗೆ ಬಂದದ್ದೇ ದಂಡವಾಯಿತು ಎಂದುಕೊಳ್ಳುವ ರೋಗಿಯೂ ಒಪ್ಪಿದ್ದಾನೆ.

ಎಲ್ಲರೂ ಒಪ್ಪಿದ ಈ ನಂಬಿಕೆಯಿಂದ ಜನರ ಕಾಲು ಹೋಗುತ್ತಿದೆ, ಕಣ್ಣು ಹೋಗುತ್ತಿದೆ, ಕಿಡ್ನಿ ಹೋಗುತ್ತಿದೆ. ಹಾಗಾಗಿ ಇದನ್ನು ಮೆದುವಾಗಿ ಹೇಳುವುದರಲ್ಲಿ ನನಗೆ ಆಸಕ್ತಿಯಿಲ್ಲ. ನಾನು ನರ್ಸ್. ಸಕ್ಕರೆ ಕಾಯಿಲೆಯವರ ಜೊತೆ ಮಾತಾಡುವುದನ್ನೇ ನನ್ನ ವೃತ್ತಿಯ ಮುಖ್ಯ ಕೆಲಸ ಎಂದು ನಂಬಿ ಬದುಕಿದವಳು. ಆ ಕೆಲಸಕ್ಕೆ ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲಿ ಒಂದು ಹುದ್ದೆಯಿಲ್ಲ, ಒಂದು ಕೋಣೆಯಿಲ್ಲ, ಬಡ್ತಿಯ ಒಂದು ಮೆಟ್ಟಿಲಿಲ್ಲ.

ಮೊದಲು ಕಾಯಿಲೆಯ ಗಾತ್ರ ನೋಡಿ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ. ಇನ್ನೂ ಕಾಯಿಲೆ ಬಂದಿಲ್ಲ, ಆದರೆ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎನ್ನುವವರು 13.6 ಕೋಟಿ. ಇಷ್ಟು ಜನರನ್ನು ಒಪಿಡಿಯ ಸಾಲಿನಲ್ಲಿ ನಿಲ್ಲಿಸಿ ಮಾತ್ರೆ ಕೊಟ್ಟು ಕಳಿಸಿ ಗೆಲ್ಲುತ್ತೇವೆ ಎಂದು ಯಾರಾದರೂ ಎದೆ ಮುಟ್ಟಿ ಹೇಳಬಲ್ಲರೇ? ನಮ್ಮ ದೇಶದಲ್ಲಿ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸುಮಾರು 2 ನಿಮಿಷ ಎಂದು 2017ರಲ್ಲಿ ಹಲವು ದೇಶಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು ಹೇಳಿತು. ತಿಂಗಳಿಗೊಮ್ಮೆ ತಪ್ಪದೆ ಬಂದ ರೋಗಿಗೂ ವರ್ಷಕ್ಕೆ ಸಿಗುವುದು 24 ನಿಮಿಷ. ವರ್ಷದ ಉಳಿದ ಅಷ್ಟೂ ಹೊತ್ತು ತನ್ನ ಕಾಯಿಲೆಗೆ ತಾನೇ ಡಾಕ್ಟರು. ಬೆಳಿಗ್ಗೆ ಕಾಫಿಗೆ ಸಕ್ಕರೆ ಹಾಕಬೇಕೋ ಬೇಡವೋ, ಹೊಲದಲ್ಲಿ ಮಧ್ಯಾಹ್ನದ ಬುತ್ತಿ ತಡವಾದರೆ ಏನು ಮಾಡಬೇಕು, ಜ್ವರ ಬಂದು ಊಟ ಸೇರದ ದಿನ ಮಾತ್ರೆ ನುಂಗಬೇಕೋ ಬಿಡಬೇಕೋ, ಏಕಾದಶಿಯ ಉಪವಾಸ, ರಂಜಾನಿನ ರೋಜಾ, ಮಗಳ ಮದುವೆಯ ಹೋಳಿಗೆ, ಎಲ್ಲದಕ್ಕೂ ತೀರ್ಮಾನ ಅವರದೇ. ಆ ತೀರ್ಮಾನ ಮಾಡಲು ಬೇಕಾದ ತಿಳಿವಳಿಕೆಯನ್ನು ಯಾರು ಕೊಟ್ಟರು? ಯಾರಿಗೆ ಕೊಡಲು ಹೇಳಿದ್ದೀರಿ?

ಕಲಿಸದೇ ಇದ್ದರೆ ಏನಾಗುತ್ತದೆ ಎನ್ನುವುದು ಸಣ್ಣ ಸಣ್ಣ ವಿವರಗಳಲ್ಲಿದೆ. ಇನ್ಸುಲಿನ್ ತೆಗೆದುಕೊಳ್ಳಿ. ನಮ್ಮ ಸರ್ಕಾರಿ ಔಷಧಾಲಯಗಳಲ್ಲಿ ಸಿಗುವ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜೇ ಆಗಬೇಕು. ಅಂಗಡಿಯಲ್ಲಿ ಕಿತ್ತಳೆ ಮುಚ್ಚಳದ್ದೂ ಸಿಗುತ್ತದೆ, ಅದು 100 ಯೂನಿಟ್ಟಿನ ಔಷಧಕ್ಕೆ ಮಾಡಿದ್ದು. 40ರ ಬಾಟಲಿಯಿಂದ 100ರ ಸಿರಿಂಜಿಗೆ 20ನೆಯ ಗೆರೆಯವರೆಗೆ ಎಳೆದು ಚುಚ್ಚಿಕೊಂಡರೆ ಒಳಗೆ ಹೋಗುವುದು ಬರೀ 8 ಯೂನಿಟ್. ಶುಗರ್ ಇಳಿಯುವುದಿಲ್ಲ. ಡಾಕ್ಟರು ಡೋಸ್ ಏರಿಸುತ್ತಾರೆ, ಮತ್ತೆ ಏರಿಸುತ್ತಾರೆ. ತಿರುಗುಮುರುಗಾಗಿ 100ರ ಔಷಧ 40ರ ಸಿರಿಂಜಿಗೆ ಬಂದರೆ 20 ಯೂನಿಟ್ ಹೋಗಬೇಕಾದ ಕಡೆ 50 ಹೋಗುತ್ತದೆ. ಅಂಥ ರಾತ್ರಿ ಮಲಗಿದವರು ಬೆಳಿಗ್ಗೆ ಏಳದೇ ಹೋಗಬಹುದು. ಮುಚ್ಚಳದ ಬಣ್ಣ ತೋರಿಸಿ, ಸಿರಿಂಜನ್ನು ಅವರ ಕೈಯಲ್ಲೇ ಹಿಡಿಸಿ, ಅವರೇ ಎಳೆದು ತೋರಿಸುವ ತನಕ ಪಕ್ಕದಲ್ಲಿ ಕೂರುವುದಕ್ಕೆ ಒಬ್ಬರು ಬೇಕು. ಚೀಟಿ ಆ ಕೆಲಸ ಮಾಡುವುದಿಲ್ಲ.

ಹೊಟ್ಟೆಯ ಮೇಲೆ ದಿನವೂ ಒಂದೇ ಜಾಗಕ್ಕೆ ಚುಚ್ಚಿಕೊಂಡು ಗಂಟು ಕಟ್ಟಿಸಿಕೊಂಡವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಗಂಟಿರುವ ಕಡೆ ನೋವಾಗುವುದಿಲ್ಲ, ಅದಕ್ಕೇ ಅಲ್ಲೇ ಚುಚ್ಚುತ್ತಾರೆ. ಆದರೆ ಅಲ್ಲಿ ಹಾಕಿದ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಇದನ್ನು ಕಂಡುಹಿಡಿಯಲು ಯಾವ ಯಂತ್ರವೂ ಬೇಡ, ಸೀರೆ ಸರಿಸಿ ಹೊಟ್ಟೆಯ ಮೇಲೆ ಕೈಯಾಡಿಸಿದರೆ ಸಾಕು. ಫ್ರಿಡ್ಜ್ ಇಲ್ಲದ ಮನೆಯವರಿಗೆ ಎರಡು ಮಡಕೆ, ನಡುವೆ ಒದ್ದೆ ಮರಳು ಹಾಕಿ ತಂಪಾಗಿಡುವುದನ್ನು ತೋರಿಸಿಕೊಡಬೇಕು. ಇರುವವರಿಗೆ ಫ್ರೀಜರಿನಲ್ಲಿ ಇಡಬೇಡಿ ಎನ್ನಬೇಕು. ಇಷ್ಟು ಹೇಳದೆ ಇನ್ಸುಲಿನ್ ಬಾಟಲಿ ಕೈಗೆ ಕೊಟ್ಟು ಕಳಿಸಿದರೆ ಕೊಟ್ಟಿದ್ದು ಔಷಧ ಹೇಗಾಗುತ್ತದೆ?

ಒಬ್ಬ ತಾಯಿ ಹೇಳಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. “ನರ್ಸಮ್ಮಾ, ಮೈಯೆಲ್ಲ ಬೆವತು ಕೈ ಗಡಗಡ ನಡುಗ್ತಿತ್ತು. ಶುಗರ್ ಏರ್ಬಿಟ್ಟಿದೆ ಅಂತ ಇನ್ನೊಂದು ಮಾತ್ರೆ ನುಂಗ್ದೆ.” ಆಕೆಗೆ ಆಗ ಶುಗರ್ ಏರಿರಲಿಲ್ಲ, ಇಳಿದಿತ್ತು. ಬೇಕಾಗಿದ್ದದ್ದು ಮೂರು ಚಮಚ ಸಕ್ಕರೆ ಬೆರೆಸಿದ ನೀರು, ಕಾಲು ಗಂಟೆಯ ಕಾಯುವಿಕೆ, ಆಮೇಲೆ ಒಂದಿಷ್ಟು ಊಟ. ಆಕೆ ನುಂಗಿದ್ದು ಶುಗರನ್ನು ಇನ್ನೂ ಕೆಳಗಿಳಿಸುವ ಮಾತ್ರೆ. ಬದುಕಿ ಬಂದದ್ದು ಆಕೆಯ ಪುಣ್ಯ. ವರ್ಷಗಳಿಂದ ಆ ಮಾತ್ರೆ ನುಂಗುತ್ತಿದ್ದ ಆಕೆಗೆ, ಶುಗರ್ ಇಳಿದರೆ ಹೀಗಾಗುತ್ತದೆ ಎಂದು ಅಷ್ಟೂ ವರ್ಷ ಯಾರೂ ಹೇಳಿರಲಿಲ್ಲ. ಆಕೆ ದಡ್ಡಿಯಲ್ಲ. ಹೇಳಿದ ದಿನವೇ ಕಲಿತು ಹೋದಳು, ಮುಂದಿನ ಸಲ ಬರುವಾಗ ಸೆರಗಿನ ತುದಿಗೆ ಬೆಲ್ಲದ ಚೂರು ಕಟ್ಟಿಕೊಂಡು ಬಂದಳು.

ಇಲ್ಲಿಗೆ ಬಂದಾಗ ನನ್ನ ಎದುರಾಳಿಗಳು ತಮ್ಮ ಮೆಚ್ಚಿನ ಮಾತು ತೆಗೆಯುತ್ತಾರೆ: “ಎಷ್ಟು ಹೇಳಿದರೂ ಜನ ಕೇಳಲ್ಲ.” ಈ ಮಾತನ್ನು ನಾನು ವೈದ್ಯರ ಬಾಯಲ್ಲಿ ಕೇಳಿದ್ದೇನೆ, ಅಧಿಕಾರಿಗಳ ಬಾಯಲ್ಲಿ ಕೇಳಿದ್ದೇನೆ. ಮಧುಮೇಹದ ಬಗ್ಗೆ ಇದಕ್ಕಿಂತ ಹಾನಿಕರವಾದ ಮಾತು ಇನ್ನೊಂದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎಷ್ಟು ಹೇಳಿದಿರಿ? “ಅನ್ನ ಕಡಿಮೆ ಮಾಡಿ, ವಾಕಿಂಗ್ ಮಾಡಿ, ಟೆನ್ಷನ್ ಬೇಡ.” ಇದು ಹೇಳಿದ ಹಾಗಾಯಿತೇ? ಈರುಳ್ಳಿ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕಿತ್ತು ಬಂದ ಹೆಂಗಸಿಗೆ ವಾಕಿಂಗ್ ಮಾಡಿ ಎಂದರೆ ಆಕೆ ಏನು ತಿಳಿಯಬೇಕು?

ಕಲಿಸುವುದು ಎಂದರೆ ಏನು ಎನ್ನುವುದಕ್ಕೆ ಲೋಕದಲ್ಲಿ ಸಾಕಷ್ಟು ಪುರಾವೆ ಇದೆ. 2002ರಲ್ಲಿ ಫಲಿತಾಂಶ ಹೊರಬಿದ್ದ ಅಮೆರಿಕದ ಮಧುಮೇಹ ತಡೆ ಕಾರ್ಯಕ್ರಮದಲ್ಲಿ ಹೊಸ್ತಿಲಲ್ಲಿದ್ದ 3,234 ಜನರಿದ್ದರು. ಅವರಲ್ಲಿ ಒಂದು ಗುಂಪಿಗೆ ಊಟ, ನಡಿಗೆ, ತೂಕದ ಬಗ್ಗೆ 16 ಪಾಠಗಳನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕೂರಿಸಿ ಹೇಳಿಕೊಟ್ಟರು, ಆಮೇಲೂ ಬೆನ್ನು ಬಿಡಲಿಲ್ಲ. ಆ ಗುಂಪಿನಲ್ಲಿ ಕಾಯಿಲೆ ಬರುವುದು ಶೇ. 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟ ಗುಂಪಿನಲ್ಲಿ ತಗ್ಗಿದ್ದು ಶೇ. 31. ಅಮೆರಿಕದ ಮಾತು ನಮಗೇಕೆ ಎನ್ನುವವರು ಚೆನ್ನೈ ನೋಡಲಿ. 2006ರಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮಂಥದೇ ಅನ್ನ ಉಣ್ಣುವ, ನಮ್ಮಂಥದೇ ಮೈಕಟ್ಟಿನ 531 ಜನರಿದ್ದರು. ಜೀವನಕ್ರಮದ ತಿಳಿವಳಿಕೆ ಕೊಟ್ಟ ಗುಂಪಿನಲ್ಲಿ ಕಾಯಿಲೆಯ ಸಾಧ್ಯತೆ ಶೇ. 28.5 ಇಳಿಯಿತು, ಮಾತ್ರೆಯ ಗುಂಪಿನಲ್ಲಿ ಶೇ. 26.4. ಎರಡನ್ನೂ ಒಟ್ಟಿಗೆ ಕೊಟ್ಟರೂ ಹೆಚ್ಚಿನ ಲಾಭ ಸಿಗಲಿಲ್ಲ. ಚೀನಾದ ಡಾಚಿಂಗ್ ನಗರದಲ್ಲಿ 1986ರಲ್ಲಿ ಶುರುವಾದ ಪ್ರಯೋಗದವರನ್ನು 30 ವರ್ಷ ಹಿಂಬಾಲಿಸಿ ನೋಡಿದಾಗ, ತಿಳಿವಳಿಕೆ ಪಡೆದವರಿಗೆ ಕಾಯಿಲೆ ಬಂದದ್ದು ಸರಾಸರಿ ಸುಮಾರು 4 ವರ್ಷ ತಡವಾಗಿ, ಹೃದಯದ ತೊಂದರೆಯಿಂದ ಸತ್ತವರೂ ಕಡಿಮೆ. ಜನ ಕೇಳಲಿಲ್ಲವೇ? ಕೇಳಿದರು. ಕೇಳುವ ಹಾಗೆ ಹೇಳಿದವರಿದ್ದರು, ಹೇಳುವುದಕ್ಕೆ ಅವರಿಗೆ ಸಂಬಳವಿತ್ತು, ಸಮಯವಿತ್ತು.

ಇದೇನೂ ಹೊಸ ತಿಳಿವೂ ಅಲ್ಲ. 1922ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ನಿನ ಮೊದಲ ಚುಚ್ಚುಮದ್ದು ಕೊಟ್ಟ ಮೇಲೆ ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ ನರ್ಸುಗಳನ್ನು ತರಬೇತಿಗೊಳಿಸಿ ರೋಗಿಗಳ ಮನೆಗಳಿಗೇ ಕಳಿಸಿದರು. ಔಷಧ ಬಂದ ಕಾಲದಲ್ಲೇ ಕಲಿಸುವ ನರ್ಸೂ ಬಂದಳು. ನಾವು ನೂರು ವರ್ಷದಲ್ಲಿ ಔಷಧವನ್ನು ಮಾತ್ರ ಕರೆದುಕೊಂಡು ಬಂದೆವು.

ಈಗ ನಮ್ಮ ಕಾರ್ಯಕ್ರಮಗಳು ಏನನ್ನು ಅಳೆಯುತ್ತಿವೆ ನೋಡೋಣ. ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. 30 ದಾಟಿದ ಪ್ರತಿಯೊಬ್ಬರನ್ನೂ ತಪಾಸಣೆ ಮಾಡಬೇಕು ಎಂದಾಯಿತು. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ವಯಸ್ಸು, ಸೊಂಟದ ಸುತ್ತಳತೆ, ತಂಬಾಕು, ಮನೆತನದ ಕಾಯಿಲೆ ಕೇಳಿ ಅಂಕ ಹಾಕುತ್ತಾಳೆ. ಬೆರಳು ಚುಚ್ಚಿ ಗ್ಲೂಕೋಮೀಟರಿಗೆ ರಕ್ತದ ಹನಿ ಹಾಕುತ್ತಾರೆ. 140 ದಾಟಿದರೆ ಮುಂದಿನ ಆಸ್ಪತ್ರೆಗೆ ಕಳಿಸುತ್ತಾರೆ. ನಮ್ಮಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಈ ತಪಾಸಣೆಯನ್ನು ಮನೆ ಬಾಗಿಲಿಗೇ ತಂದಿದೆ. ತಪಾಸಣೆ ಬೇಕು, ಅದರ ಬಗ್ಗೆ ನನಗೆ ಎರಡನೆಯ ಮಾತಿಲ್ಲ. ಆದರೆ ಜಿಲ್ಲಾ ಸಭೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಜನರನ್ನು ಚುಚ್ಚಿದಿರಿ? ಗುರಿ ಎಷ್ಟು, ಸಾಧನೆ ಎಷ್ಟು, ಪೋರ್ಟಲ್ಲಿಗೆ ಏರಿಸಿದ್ದೆಷ್ಟು? ಹೊಸ್ತಿಲಲ್ಲಿ ನಿಂತವರು ಎಂದು ಗೊತ್ತಾದ ಮೇಲೆ ಆ ಮನುಷ್ಯನ ಜೊತೆ ಯಾರು ಕೂತು ಮಾತಾಡಿದರು, ಆರು ತಿಂಗಳ ನಂತರ ಆತನ ಸೊಂಟ ಎಷ್ಟಿದೆ, ಶುಗರ್ ಎಷ್ಟಿದೆ ಎಂದು ಕೇಳುವ ಸಭೆಯೊಂದನ್ನು ನಾನು ಕಾಣಲಿಲ್ಲ. “ನಿಮಗೆ ಬರುವುದರಲ್ಲಿದೆ” ಎಂದು ಹೇಳಿ, ಬಾರದಂತೆ ತಡೆಯುವ ದಾರಿ ಹೇಳಿಕೊಡದೆ ಕಳಿಸುವುದು ತಡೆಗಟ್ಟುವ ಕಾರ್ಯಕ್ರಮವೇ? ಅದು ಹೆದರಿಸಿ ಕಳಿಸುವ ಕಾರ್ಯಕ್ರಮ.

ಆ ಖಾಲಿ ಜಾಗಕ್ಕೆ ಯಾರು ಬಂದು ಕೂತಿದ್ದಾರೆ ಎನ್ನುವುದು ಎಲ್ಲರಿಗೂ ಕಾಣುತ್ತಿದೆ. ಮೂರು ತಿಂಗಳಲ್ಲಿ ಶುಗರ್ ಬುಡಸಮೇತ ಗುಣ ಎನ್ನುವ ಪುಡಿಯವರು ಬಂದಿದ್ದಾರೆ. ಇನ್ಸುಲಿನ್ ಒಮ್ಮೆ ಹಿಡಿದರೆ ಬಿಡುವುದಿಲ್ಲ, ಕಿಡ್ನಿ ತಿನ್ನುತ್ತದೆ ಎನ್ನುವ ವಾಟ್ಸಾಪ್ ವಿಡಿಯೊಗಳು ಬಂದಿವೆ. ನಾವು ಹತ್ತು ನಿಮಿಷ ಕೊಡದ ರೋಗಿಗೆ ಅವರು ಅರ್ಧ ಗಂಟೆ ಕೊಡುತ್ತಾರೆ, ಹೆಸರು ಹಿಡಿದು ಮಾತಾಡಿಸುತ್ತಾರೆ, ಫೋನ್ ಮಾಡಿ ವಿಚಾರಿಸುತ್ತಾರೆ. ಜನ ಅವರ ಮಾತು ಕೇಳುತ್ತಾರೆ. ಕೇಳಲ್ಲ ಎನ್ನುವವರು ಇದಕ್ಕೇನು ಹೇಳುತ್ತಾರೆ?

ಊಟದ ವಿಷಯದಲ್ಲಂತೂ ನಮ್ಮ ಆಸ್ಪತ್ರೆಗಳು ಮಾಡುತ್ತಿರುವುದು ಅನ್ಯಾಯ. ಎಲ್ಲಿಂದಲೋ ಬಂದ ಆಹಾರ ಪಟ್ಟಿಯನ್ನು ಜೆರಾಕ್ಸ್ ಮಾಡಿ ಹಂಚುತ್ತಾರೆ. ಅದರಲ್ಲಿ ಓಟ್ಸ್ ಇರುತ್ತದೆ, ಕಂದು ಬ್ರೆಡ್ ಇರುತ್ತದೆ, ಒಂದು ಸೇಬು ಇರುತ್ತದೆ. ಪಡಿತರದ ಅಕ್ಕಿಯಲ್ಲಿ ಆರು ಜನರ ಅಡುಗೆ ಮಾಡಿ, ಎಲ್ಲರದೂ ಆದ ಮೇಲೆ ಉಳಿದದ್ದನ್ನು ತಿನ್ನುವ ಹೆಂಗಸಿಗೆ ಈ ಕಾಗದ ಯಾಕೆ? ಇನ್ನೊಂದು ಕಡೆ “ಅನ್ನ ಬಿಟ್ಟು ಮುದ್ದೆ ತಿನ್ನಿ, ಶುಗರ್ ಬರಲ್ಲ” ಎಂಬ ಮಾತು ಚಿಕ್ಕಬಳ್ಳಾಪುರದಿಂದ ಮಂಡ್ಯದವರೆಗೆ ವೇದವಾಕ್ಯದ ಹಾಗೆ ಓಡಾಡುತ್ತಿದೆ. ರಾಗಿಯಲ್ಲೂ ಪಿಷ್ಟವಿದೆ. ತಟ್ಟೆಯಲ್ಲಿ ಎರಡು ದೊಡ್ಡ ಮುದ್ದೆ ಕೂತರೆ ಅನ್ನದಷ್ಟೇ ಶುಗರ್ ಏರಿಸಬಲ್ಲವು. ನಮ್ಮ ದೇಶದವರ ಊಟದಲ್ಲಿ ಶಕ್ತಿಯ ಶೇ. 60ಕ್ಕಿಂತ ಹೆಚ್ಚು ಪಾಲು ಪಿಷ್ಟದಿಂದಲೇ ಬರುತ್ತಿದೆ, ಅಕ್ಕಿ ಬದಲಿಸಿ ಗೋಧಿಯದೋ ಸಿರಿಧಾನ್ಯದ್ದೋ ಹಿಟ್ಟಿಗೆ ಹೋದ ಮಾತ್ರಕ್ಕೆ ಅಪಾಯ ತಗ್ಗುವುದಿಲ್ಲ, ಪಿಷ್ಟದ ಒಟ್ಟು ಪಾಲೇ ಇಳಿದು ಕಾಳು-ಬೇಳೆ ಏರಬೇಕು ಎನ್ನುವುದನ್ನು ಇಂಡಿಯಾಬ್ ಅಧ್ಯಯನದವರೇ ತೋರಿಸಿದ್ದಾರೆ.

ಇದನ್ನು ಮನೆಯ ಭಾಷೆಗೆ ಇಳಿಸುವವರು ಬೇಕು. “ಮುದ್ದೆ ಒಂದೇ ಇರಲಿ, ಚಿಕ್ಕದಿರಲಿ. ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯವನ್ನು ಎರಡರಷ್ಟು ಹಾಕ್ಕೊಳ್ಳಿ. ಹುರುಳಿಕಾಳು, ಹೆಸರುಕಾಳು, ಅವರೆಕಾಲದಲ್ಲಿ ಅವರೆಕಾಳು, ಇದ್ದರೆ ಒಂದು ಮೊಟ್ಟೆ. ಮಜ್ಜಿಗೆ ಕುಡೀರಿ, ದಿನಕ್ಕೆ ಐದು ಸಲ ಕುಡಿಯೋ ಟೀ ಎರಡಕ್ಕೆ ಇಳಿಸಿ.” ಇಷ್ಟು ಹೇಳುವುದಕ್ಕೆ ಆ ಮನೆಯ ಒಲೆ ಗೊತ್ತಿರಬೇಕು, ಯಾರು ಬಡಿಸುತ್ತಾರೆ, ಸಾಮಾನು ತರುವ ದುಡ್ಡು ಯಾರ ಕೈಯಲ್ಲಿದೆ ಎಂದು ಗೊತ್ತಿರಬೇಕು. ಕಲಬುರಗಿಯಲ್ಲಿ ಜೋಳದ ರೊಟ್ಟಿಯ ಲೆಕ್ಕ ಬೇರೆ, ಉಡುಪಿಯ ಕುಚಲಕ್ಕಿ ಗಂಜಿಯ ಲೆಕ್ಕ ಬೇರೆ. ಊರಲ್ಲೇ ಇದ್ದು, ಮನೆಗಳಿಗೆ ಹೋಗಿ ಬರುವ ನರ್ಸಿಗೆ ಇದು ಗೊತ್ತಾಗುವಷ್ಟು ಎಸಿ ಕೋಣೆಯ ಆಹಾರತಜ್ಞರಿಗೆ ಗೊತ್ತಾಗುವುದು ಕಷ್ಟ.

ಹಾಗಿದ್ದರೆ ಆ ನರ್ಸ್ ಎಲ್ಲಿದ್ದಾಳೆ? ಹೆಸರಿಗೆ ಎಲ್ಲ ಕಡೆ ಇದ್ದಾಳೆ. 2018ರಿಂದ ಉಪಕೇಂದ್ರಗಳು ಕ್ಷೇಮ ಕೇಂದ್ರಗಳಾಗಿ ಬದಲಾದವು, ಈಗ ಅವಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು. ಬಯಲು ಸೀಮೆಯಲ್ಲಿ ಸುಮಾರು 5,000 ಜನರಿಗೆ ಒಂದು ಕೇಂದ್ರ, ಅದಕ್ಕೊಬ್ಬರು ಸಮುದಾಯ ಆರೋಗ್ಯ ಅಧಿಕಾರಿ. ಅವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. ಆಕೆಯ ಪಾಲಿಗೆ 12 ಬಗೆಯ ಸೇವೆಗಳಿವೆ: ಬಸುರಿ-ಬಾಣಂತಿ, ಮಕ್ಕಳ ಲಸಿಕೆ, ಕ್ಷಯ, ಬಾಯಿ, ಕಣ್ಣು, ಕಿವಿ, ಮುಪ್ಪಿನವರು, ಮಾನಸಿಕ ಆರೋಗ್ಯ, ಅದರ ನಡುವೆ ಎಲ್ಲೋ ಒಂದು ಕಡೆ ಶುಗರ್. ಇವೆಲ್ಲದರ ವರದಿಯನ್ನೂ ಆಕೆಯೇ ಮೊಬೈಲಿನಲ್ಲಿ ತುಂಬಬೇಕು. ನೌಕರಿ ಗುತ್ತಿಗೆಯದು. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂದು ತಿಳಿಯದವಳು ಹತ್ತು ವರ್ಷದ ಕಾಯಿಲೆಯ ಹೊಣೆ ಹೊರಬೇಕು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್ಕುಗಳಿಗೆ ಒಬ್ಬ ನರ್ಸ್, ಒಬ್ಬ ಆಪ್ತ ಸಮಾಲೋಚಕರು ಬೇಕು ಎಂದು ಮಾರ್ಗಸೂಚಿಯಲ್ಲೇ ಇದೆ. ಕಾಗದದ ಮೇಲೆ ಇರುವ ಆ ಕುರ್ಚಿಯಲ್ಲಿ ಮಧುಮೇಹವನ್ನೇ ಓದಿಕೊಂಡ, ಅದರಲ್ಲೇ ಬೆಳೆಯಬಹುದಾದ ಒಬ್ಬರು ಎಷ್ಟು ಕಡೆ ಕೂತಿದ್ದಾರೆ?

ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಸಹೋದ್ಯೋಗಿಯೊಬ್ಬರು ಮೆಟ್ಟಿಲ ಕೆಳಗಿನ ಜಾಗದಲ್ಲಿ ಎರಡು ಸ್ಟೂಲು ಹಾಕಿಕೊಂಡು ಶುಗರ್ ರೋಗಿಗಳಿಗೆ ಕಾಲಿನ ಆರೈಕೆ ಕಲಿಸುತ್ತಿದ್ದರು. ಜನ ಹುಡುಕಿಕೊಂಡು ಬರುತ್ತಿದ್ದರು. ಅವರ ಸರದಿ ಬಂತೆಂದು ಹೆರಿಗೆ ವಾರ್ಡಿಗೆ ಹಾಕಿದರು, ಸ್ಟೂಲುಗಳು ಉಗ್ರಾಣಕ್ಕೆ ಹೋದವು. ಕೇಳಿದಾಗ ಬಂದ ಉತ್ತರ: “ಮಾತಾಡೋಕೆ ಒಬ್ಬ ನರ್ಸ್ ಯಾಕೆ ಬೇಕು?” ವರ್ಷಗಟ್ಟಲೆ ರೋಗಿಗಳಿಂದ ಕಲಿತದ್ದನ್ನೆಲ್ಲ ಒಂದು ಡ್ಯೂಟಿ ಪಟ್ಟಿ ಅಳಿಸಿ ಹಾಕಿತು. ಹೃದಯ ಶಸ್ತ್ರಚಿಕಿತ್ಸಕರನ್ನು ಸರದಿಯಂತೆ ಕಣ್ಣಿನ ವಿಭಾಗಕ್ಕೆ ಹಾಕುವವರು ಯಾರೂ ಇಲ್ಲ. ನರ್ಸಿನ ಪರಿಣತಿಯನ್ನು ಮಾತ್ರ ಪರಿಣತಿ ಎಂದು ಎಣಿಸುವುದಿಲ್ಲ.

ಕಾಲಿನ ಮಾತು ಬಂದದ್ದರಿಂದ ಹೇಳುತ್ತೇನೆ. ಸಕ್ಕರೆ ಕಾಯಿಲೆಯವರ ಪಾದದ ಸ್ಪರ್ಶ ಹೋಗಿದೆಯೇ ಎಂದು ನೋಡಲು ಬೇಕಾದದ್ದು ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ. ಮೂರು ನಿಮಿಷದ ಕೆಲಸ. ಸ್ಪರ್ಶ ಹೋಗಿದ್ದರೆ ಬರಿಗಾಲಲ್ಲಿ ನಡೆಯಬೇಡಿ, ಚಪ್ಪಲಿ ಹಾಕುವ ಮುಂಚೆ ಒಳಗೆ ಕೈಯಾಡಿಸಿ ನೋಡಿ, ಬಿಸಿ ನೀರಿಗೆ ಮೊದಲು ಮೊಣಕೈ ಇಟ್ಟು ನೋಡಿ, ರಾತ್ರಿ ಮಲಗುವ ಮುನ್ನ ಪಾದದ ಅಡಿಯನ್ನು ಮೊಮ್ಮಗಳ ಕೈಲಿ ನೋಡಿಸಿ ಎಂದು ಹೇಳಬೇಕು. ಹೇಳದೇ ಹೋದರೆ ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ, ಹುಣ್ಣಾಗುತ್ತದೆ, ಕೊಳೆಯುತ್ತದೆ, ಒಂದು ದಿನ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬೆರಳು ಹೋಗುತ್ತದೆ, ಮುಂದಿನ ವರ್ಷ ಪಾದ. ಕಾಲು ತೆಗೆಯುವ ಶಸ್ತ್ರಚಿಕಿತ್ಸೆಗೆ ಸರ್ಕಾರದ ವಿಮೆಯಲ್ಲಿ ಹಣವಿದೆ. ಕಾಲು ಉಳಿಸುವ ಮೂರು ನಿಮಿಷಕ್ಕೆ ಯಾವ ತಲೆಬರಹದಡಿ ಹಣವಿದೆ? ಕೂಲಿಗೆ ಹೋಗುವವನ ಕಾಲು ಹೋದರೆ ಆ ಮನೆಯಲ್ಲಿ ಮುಂದೆ ದುಡಿಯುವವರು ಯಾರು ಎಂದು ಬಜೆಟ್ ಬರೆಯುವವರು ಯೋಚಿಸಿದ್ದಾರೆಯೇ?

ನರ್ಸಿಗೆ ಹೆಚ್ಚಿನ ಅಧಿಕಾರ ಕೊಟ್ಟರೆ ರೋಗಿಗೆ ಅಪಾಯ ಎಂಬ ವಾದವೂ ಇದೆ. ಪ್ರಾಥಮಿಕ ಆರೈಕೆಯಲ್ಲಿ ವೈದ್ಯರ ಕೆಲಸವನ್ನು ತರಬೇತಾದ ನರ್ಸುಗಳು ಮಾಡಿದರೆ ಏನಾಗುತ್ತದೆ ಎಂದು ಕಾಕ್ರೇನ್ ಸಂಸ್ಥೆ 2018ರಲ್ಲಿ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ರೋಗಿಗಳ ಆರೋಗ್ಯ ಅಷ್ಟೇ ಚೆನ್ನಾಗಿತ್ತು, ಕೆಲವು ವಿಷಯಗಳಲ್ಲಿ ಹೆಚ್ಚೇ ಚೆನ್ನಾಗಿತ್ತು, ರೋಗಿಗಳ ತೃಪ್ತಿಯೂ ಹೆಚ್ಚಿತ್ತು. ಭಾರತ ಮತ್ತು ಪಾಕಿಸ್ತಾನದ 10 ಮಧುಮೇಹ ಕ್ಲಿನಿಕ್ಕುಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವೈದ್ಯರಲ್ಲದ ಒಬ್ಬ ಆರೈಕೆ ಸಂಯೋಜಕರು, ಜೊತೆಗೆ ವೈದ್ಯರಿಗೆ ನೆನಪಿಸುವ ಒಂದು ಕಂಪ್ಯೂಟರ್ ವ್ಯವಸ್ಥೆ, ಇವೆರಡನ್ನು ಸೇರಿಸಿದ್ದಕ್ಕೇ ಶುಗರ್ ಜೊತೆಗೆ ಬಿಪಿಯನ್ನೋ ಕೊಬ್ಬನ್ನೋ ಹತೋಟಿಗೆ ತಂದುಕೊಂಡವರು ಸುಮಾರು ಎರಡರಷ್ಟಾದರು. ಬ್ರಿಟನ್ನಿನಲ್ಲಿ ಮಧುಮೇಹ ತಜ್ಞ ನರ್ಸ್ ಎನ್ನುವುದು ಬೇರೆಯದೇ ಹುದ್ದೆ. ಅಲ್ಲಿ ಅರ್ಹತೆ ಪಡೆದ ನರ್ಸುಗಳು 2006ರಿಂದ ಸ್ವತಂತ್ರವಾಗಿ ಔಷಧ ಬರೆಯುತ್ತಾರೆ, ಇನ್ಸುಲಿನ್ ಏರಿಸಿ ಇಳಿಸುತ್ತಾರೆ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಓದಿ ಹೋದ ಹುಡುಗಿಯರೂ ಅಲ್ಲಿ ಈ ದಾರಿ ಹಿಡಿಯಬಹುದು. ಅದೇ ಹುಡುಗಿ ಇಲ್ಲೇ ಉಳಿದರೆ ಎರಡು ಯೂನಿಟ್ ಬದಲಿಸಲೂ ಚೀಟಿ ಹಿಡಿದು ಡಾಕ್ಟರ ಬಾಗಿಲಲ್ಲಿ ನಿಲ್ಲಬೇಕು. ವಿಮಾನ ಹತ್ತಿದ ಕೂಡಲೇ ಅವಳ ಬುದ್ಧಿ ಬೆಳೆಯಿತೇ? ಇಲ್ಲಿ ಅಪಾಯವಾಗಿದ್ದವಳು ಅಲ್ಲಿ ಹೇಗೆ ಆಸರೆಯಾದಳು? ಎಂಎಸ್ಸಿ ನರ್ಸಿಂಗ್ ಮುಗಿಸಿದವರಿಗೆ ನಾವು ಬಿಟ್ಟಿರುವುದು ಎರಡೇ ದಾರಿ: ಕಾಲೇಜಿನಲ್ಲಿ ಪಾಠ ಮಾಡಬೇಕು ಇಲ್ಲವೇ ದೇಶ ಬಿಡಬೇಕು. ರೋಗಿಯ ಪಕ್ಕದಲ್ಲೇ ಉಳಿದು ದೊಡ್ಡವಳಾಗುವ ದಾರಿಯಿಲ್ಲ.

2020ರ ವಿಶ್ವ ಮಧುಮೇಹ ದಿನದ ವಿಷಯವೇ ನರ್ಸ್ ಮತ್ತು ಮಧುಮೇಹ ಎಂದಾಗಿತ್ತು. ಆ ವರ್ಷ ನರ್ಸುಗಳ ವರ್ಷವೂ ಹೌದು. ಹೂಗುಚ್ಛ ಕೊಟ್ಟರು, ಚಪ್ಪಾಳೆ ತಟ್ಟಿದರು. ಹುದ್ದೆ ಕೊಡಲಿಲ್ಲ.

ಈ ಉಪೇಕ್ಷೆಗೆ ನನಗೆ ಅತ್ಯಂತ ನೋವು ಕೊಡುವ ಉದಾಹರಣೆ ಬಾಣಂತಿಯರದು. ಮಧುಮೇಹ ತಾಯಿಯ ಹೊಟ್ಟೆಯಿಂದಲೇ ಮುಂದಿನ ತಲೆಮಾರಿಗೆ ಹೋಗುತ್ತದೆ ಎನ್ನುವ ತಿಳಿವಿಗೆ ನಮ್ಮ ಮೈಸೂರಿನ ಕೊಡುಗೆ ದೊಡ್ಡದು. ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹೆರಿಗೆ ಕೋಣೆಯ ಸಿಬ್ಬಂದಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದರು. ದಶಕಗಳ ನಂತರ ಆ ದಾಖಲೆ ಹಿಡಿದು ಹುಟ್ಟಿನ ಗಾತ್ರಕ್ಕೂ ದೊಡ್ಡವರಾದ ಮೇಲಿನ ಕಾಯಿಲೆಗೂ ಇರುವ ನಂಟನ್ನು ಸಂಶೋಧಕರು ಹುಡುಕಿದರು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿಸಿದ ಗರ್ಭಿಣಿಯರಲ್ಲಿ ಶೇ. 6.2ರಷ್ಟು ಮಂದಿಗೆ ಗರ್ಭಿಣಿ ಕಾಲದ ಮಧುಮೇಹ ಕಂಡಿತು. ಅಂಥ ತಾಯಂದಿರ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೇ ಹೆಚ್ಚು ಕೊಬ್ಬು ಹೊತ್ತಿದ್ದರು, ಅವರ ಮೈ ಇನ್ಸುಲಿನ್ನಿನ ಮಾತು ಕೇಳುವುದು ಆಗಲೇ ಕಡಿಮೆಯಾಗಿತ್ತು.

ಬಸುರಿಯಲ್ಲಿ ಶುಗರ್ ಕಂಡರೆ ಹೆರಿಗೆಯಾದ ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಬೇಕು ಎಂದು ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ತಾಯಿಗೆ ಮುಂದೆ ಕಾಯಿಲೆ ಕಾಯಂ ಆಗುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು. ಆರು ವಾರಕ್ಕೆ ಸರಿಯಾಗಿ ಆಕೆ ಆಸ್ಪತ್ರೆಗೆ ಬರುತ್ತಾಳೆ ಕೂಡ, ಮಗುವಿನ ಒಂದೂವರೆ ತಿಂಗಳ ಚುಚ್ಚುಮದ್ದಿಗೆ. ಅದೇ ದಿನ, ಅದೇ ಕಟ್ಟಡ, ಅದೇ ನರ್ಸ್. ಕೈಯಲ್ಲಿ ತಾಯಿ ಕಾರ್ಡ್ ಇದೆ, ಅದರಲ್ಲಿ ಶುಗರ್ ಬರೆದಿದೆ. ಮಗುವಿಗೆ ಲಸಿಕೆ ಹಾಕಿ, ಜ್ವರದ ಔಷಧ ಕೊಟ್ಟು ಕಳಿಸುತ್ತೇವೆ. ತಾಯಿಯ ಪರೀಕ್ಷೆ ಆಗದೆ ಉಳಿಯುತ್ತದೆ, ಯಾಕೆಂದರೆ ಅದು ಆಗಲಿಲ್ಲವಲ್ಲ ಎಂದು ಕೇಳುವವರಿಲ್ಲ. ಲಸಿಕೆ ತಪ್ಪಿದರೆ ನೋಟಿಸ್ ಬರುತ್ತದೆ. ತಾಯಿಯ ಶುಗರ್ ತಪ್ಪಿದರೆ ಏನೂ ಬರುವುದಿಲ್ಲ. ಹತ್ತು ವರ್ಷ ಬಿಟ್ಟು ಆಕೆ ಮತ್ತೆ ಬರುತ್ತಾಳೆ, ಕಾಯಿಲೆ ಹೊತ್ತುಕೊಂಡು. ಆಗ ಆಕೆಗೆ ಮೊದಲು ಹೇಳುವ ಮಾತು, “ಮೊದಲೇ ಯಾಕೆ ನೋಡಿಕೊಳ್ಳಲಿಲ್ಲ?”

ಇನ್ನು ಸಾಕು. ಪ್ರತಿ ಎನ್‌ಸಿಡಿ ಕ್ಲಿನಿಕ್ಕಿಗೆ ಮಧುಮೇಹ ನರ್ಸ್ ಎಂಬ ಕಾಯಂ ಹುದ್ದೆ ಬೇಕು. ಅದಕ್ಕೆ ಒಂದು ವರ್ಷದ ಗಟ್ಟಿ ತರಬೇತಿ ಇರಬೇಕು. ಸರದಿಯ ನೆಪದಲ್ಲಿ ಆಕೆಯನ್ನು ಎತ್ತಿ ಬೇರೆಡೆ ಹಾಕುವುದು ನಿಲ್ಲಬೇಕು. ಪಿಎಚ್‌ಸಿಯ ಮೇಲ್ವಿಚಾರಣೆಯಿಂದ ಜಿಲ್ಲೆಯ ಕಾರ್ಯಕ್ರಮಾಧಿಕಾರಿಯವರೆಗೆ ಆಕೆ ಏರಬಹುದಾದ ಮೆಟ್ಟಿಲುಗಳಿರಬೇಕು. ಒಪ್ಪಿತ ನಿಯಮಾವಳಿಯೊಳಗೆ ಮಾತ್ರೆ, ಇನ್ಸುಲಿನ್ ಹೊಂದಿಸುವ ಅಧಿಕಾರ ಕಾನೂನಿನಿಂದಲೇ ಸಿಗಬೇಕು. 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ, ಇದನ್ನು ಮಾಡಲು ಇದಕ್ಕಿಂತ ಒಳ್ಳೆಯ ಕಾಲ ಯಾವುದು? ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು, ಯಾಕೆಂದರೆ ಸಕ್ಕರೆ ಕಾಯಿಲೆಯ ಗಂಡಸು ತನ್ನ ಹಾಸಿಗೆಯ ಸಂಕಟವನ್ನು, ಹೆಂಗಸು ತನ್ನ ಬಿಳಿಸೆರಗನ್ನು ಸಾಲಿನಲ್ಲಿ ನಿಂತು ಹೇಳುವುದಿಲ್ಲ. ಜಿಲ್ಲಾ ಸಭೆಯಲ್ಲಿ ಎಷ್ಟು ಬೆರಳು ಚುಚ್ಚಿದಿರಿ ಎಂದು ಕೇಳುವ ಜೊತೆಗೆ ಎಷ್ಟು ಜನರಿಗೆ ಕಲಿಸಿದಿರಿ, ಅವರಲ್ಲಿ ಎಷ್ಟು ಜನರ ಶುಗರ್ ಹತೋಟಿಗೆ ಬಂತು, ಎಷ್ಟು ಪಾದ ನೋಡಿದಿರಿ, ಎಷ್ಟು ಬಾಣಂತಿಯರ ಆರು ವಾರದ ಪರೀಕ್ಷೆ ಆಯಿತು ಎಂದು ಕೇಳಬೇಕು.

ಸಹೋದ್ಯೋಗಿಗಳಿಗೆ ಒಂದು ಮಾತು: ಕೊಡಲಿ ಎಂದು ಕಾಯಬೇಡಿ, ಸಂಘಗಳ ಬೇಡಿಕೆ ಪಟ್ಟಿಯಲ್ಲಿ ಸಂಬಳದ ಸಾಲಿನ ಪಕ್ಕದಲ್ಲೇ ಈ ಹುದ್ದೆಯನ್ನು ಬರೆಯಿರಿ. ರೋಗಿಗಳಿಗೂ ಅವರ ಮನೆಯವರಿಗೂ ಒಂದು ಮಾತು: ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮಾತ್ರೆ ತೆಗೆದುಕೊಂಡು ಸುಮ್ಮನೆ ಹೊರಬರಬೇಡಿ. ನನ್ನ ಪಾದ ಯಾರು ನೋಡುತ್ತಾರೆ, ನನಗೆ ಇದನ್ನು ಯಾರು ಕಲಿಸುತ್ತಾರೆ ಎಂದು ಕೇಳಿ. ಇಲ್ಲ ಎಂದರೆ ಗ್ರಾಮಸಭೆಯಲ್ಲಿ ಕೇಳಿ, ಶಾಸಕರು ಊರಿಗೆ ಬಂದಾಗ ಕೇಳಿ. ಆರೋಗ್ಯ ಇಲಾಖೆಯ ಮುಂದಿನ ನೇಮಕಾತಿ ಅಧಿಸೂಚನೆಯಲ್ಲಿ ಮಧುಮೇಹ ನರ್ಸ್ ಎಂಬ ಹೆಸರಿನ ಎದುರು ಹುದ್ದೆಗಳ ಸಂಖ್ಯೆ ಅಚ್ಚಾಗಿ ಬರುವ ತನಕ ಕೇಳುತ್ತಲೇ ಇರಿ.